ಖಣ ಹೊದ್ದ ಯಂತ್ರದ ವೇಗಪಟ್ಟಿ

ನಾನು ಒಂದು ಪಟ್ಟಿ. ಗೋಡೆಗೆ ಅಂಟಿಸುವಂಥದ್ದಲ್ಲ, ಕಂಪ್ಯೂಟರಿನ ಹೊಟ್ಟೆಯೊಳಗೆ ಇರುವಂಥದ್ದು. ಯಾರಾದರೂ ಕೇಳಿದರೆ ತೆರೆಯ ಮೇಲೆ ಬರುತ್ತೇನೆ, ಕೇಳದಿದ್ದರೆ ಇಲ್ಲ. ಈ ಹೊಟ್ಟೆಯೊಳಗೆ ಎಲ್ಲರಿಗೂ ಕೆಲಸ ಹಂಚುವ ಯಜಮಾನನಿಗೆ ಕರ್ನೆಲ್ ಎಂದು ಹೆಸರು. ಮೈಮುರಿದು ದುಡಿಯುವವನು ಪ್ರೊಸೆಸರ್. ಅವನು ಯಾವ ವೇಗದಲ್ಲಿ ಎಷ್ಟು ಹೊತ್ತು ದುಡಿದ ಎಂದು ಬರೆದಿಡಲು ಕರ್ನೆಲ್ ನನ್ನನ್ನು ಹುಟ್ಟಿಸಿದ. ಬರೆದಿಟ್ಟದ್ದನ್ನು ಯಾರು ಓದುತ್ತಾರೆ ಎಂದು ಆಗ ನಾನು ಕೇಳಲಿಲ್ಲ. ಕೇಳಬೇಕಿತ್ತು.

ನಾನು ಹುಟ್ಟಿದ್ದು ಗುಳೇದಗುಡ್ಡದಲ್ಲಿ, ಯುಗಾದಿಯ ದಿನ, ನೇಕಾರರ ಸಂಘವೊಂದರ ನಕ್ಷೆಕೋಣೆಯಲ್ಲಿ. ಕಂಪ್ಯೂಟರು ಮಾರಿದ ಮನುಷ್ಯ ಗುಂಡಿ ಒತ್ತಿದ, ನಾನು ಕಣ್ಣುಬಿಟ್ಟೆ. ನಾಲ್ಕು ವೇಗಕ್ಕೆ ನಾಲ್ಕು ಸಾಲು, ಮೇಲಿನದು ಮೂರು ಸಾವಿರದ ಇನ್ನೂರು ಮೆಗಾಹರ್ಟ್ಸ್, ಕೆಳಗಿನದು ಎಂಟುನೂರು. ನಾಲ್ಕರ ಮುಂದೆಯೂ ಸೊನ್ನೆ. ಸೆಕೆಂಡನ್ನು ನೂರು ಚೂರು ಮಾಡಿ ಒಂದೊಂದು ಚೂರನ್ನೂ ಎಣಿಸುವುದು ನನ್ನ ಪಾಲಿಗೆ ಬಂದ ಕೆಲಸ. ಇಂಥ ಕೆಲಸ ಹಗೆಯವನಿಗೂ ಬೇಡ.

ಮಾರಿದವನು ಹೋಗುವಾಗ ಒಂದು ಮಾತು ಹೇಳಿದ. "ಇದನ್ನ ಬಂದ್ ಮಾಡಬ್ಯಾಡ್ರಿ. ರಟ್ಟು ಕೊರಿಯೂ ಮಷೀನು ಹಳೇದೈತಿ, ಒಮ್ಮೆ ಕೈಬಿಟ್ರ ಮತ್ತ ಇದರ ಜೋಡಿ ಲಗೂನ ಕೂಡಂಗಿಲ್ಲ." ಕರೆಂಟು ಹೋದರೂ ಆರದಂತೆ ಬ್ಯಾಟರಿ ಜೋಡಿಸಿ, ಪ್ರೊಸೆಸರ್ ಯಾವಾಗಲೂ ಮೇಲಿನ ವೇಗದಲ್ಲೇ ಓಡಲಿ ಎಂದೂ ಗೊತ್ತುಮಾಡಿ ಹೋದ. ಬೇರೆ ಕಂಪ್ಯೂಟರುಗಳಲ್ಲಿ ನನ್ನಂಥವರು ಸಂಜೆ ಗುಂಡಿ ಒತ್ತಿದೊಡನೆ ಅಳಿದು, ಮರುದಿನ ಹೊಸದಾಗಿ ಹುಟ್ಟುತ್ತಾರಂತೆ. ನನಗೆ ಆ ಭಾಗ್ಯ ಇರಲಿಲ್ಲ.

ಕಂಪ್ಯೂಟರಿನ ಡಬ್ಬಿಯನ್ನು ಮೇಜಿನ ಕೆಳಗೆ ಇಟ್ಟಿದ್ದರು. ಹಾಗಾಗಿ ನನಗೆ ಮನುಷ್ಯರೆಂದರೆ ಮೊದಲು ಕಾಲುಗಳು. ದಿನವೂ ಕಂಡದ್ದು ಮುರಿಗೆಮ್ಮನ ಕಾಲು: ಸವೆದ ಕಾಲುಂಗುರ, ಒಡೆದ ಹಿಮ್ಮಡಿ. ಕುಪ್ಪಸದ ಖಣಕ್ಕೆ ನಕ್ಷೆ ಬರೆಯುವವಳು ಅವಳು. ಇಪ್ಪತ್ತು ವರ್ಷ ಚೌಕಳಿ ಹಾಳೆಯ ಮೇಲೆ ಚುಕ್ಕಿ ತುಂಬಿ, ನಲವತ್ತು ದಾಟಿದ ಮೇಲೆ ಕಂಪ್ಯೂಟರು ಕಲಿತಳು. ಅವಳು ಬರೆದ ನಕ್ಷೆಯನ್ನು ಪ್ರೊಸೆಸರ್ ಎಳೆ ಎಳೆಯಾಗಿ ಬಿಡಿಸುತ್ತಾನೆ, ಪಕ್ಕದ ಮಷೀನು ಅದರಂತೆ ರಟ್ಟಿನಲ್ಲಿ ತೂತು ಕೊರೆಯುತ್ತದೆ, ಆ ರಟ್ಟು ಮಗ್ಗದ ಮೇಲೇರಿದರೆ ಹೂವು ಬಟ್ಟೆಗೆ ಇಳಿಯುತ್ತದೆ. ರಟ್ಟು ತಡವಾದರೆ ಮಗ್ಗ ನಿಲ್ಲುತ್ತದೆ. ದಿನಕ್ಕೆ ನಾನೂರು ರಟ್ಟು ಆಗುತ್ತಿದ್ದವು. ನನ್ನ ಮೇಲಿನ ಸಾಲು ಒಂದೇ ಸಮನೆ ತುಂಬುತ್ತಿತ್ತು, ಉಳಿದ ಮೂರು ಖಾಲಿ. ಬೇಸರವೇ, ಆದರೂ ನೆಮ್ಮದಿಯ ಬೇಸರ.

ಖಂಡೆಪೂಜೆ ಬಂತು. ಆಯುಧ, ಮಗ್ಗ, ಗಾಡಿ ಎಲ್ಲಕ್ಕೂ ಪೂಜೆಯಾಗುವ ದಿನ. ಮುರಿಗೆಮ್ಮ ಈ ಕಂಪ್ಯೂಟರಿನಲ್ಲಿ ಬರೆದ ಮೊದಲ ನಕ್ಷೆ ಅವರೆಹೂವಿನ ಬಳ್ಳಿ. ಆ ನಕ್ಷೆಯ ಮೊದಲ ಖಣವನ್ನು ಅವಳು ಮಾರಲು ಬಿಡದೆ ಎತ್ತಿಟ್ಟಿದ್ದಳು. ಡಬ್ಬಿಗೆ ವಿಭೂತಿ ಕುಂಕುಮ ಹಚ್ಚಿ, ಮನೆಮಗಳಿಗೆ ಉಡಿ ತುಂಬುವ ಅಕ್ಕರೆಯಿಂದ ಆ ಖಣವನ್ನು ಸುತ್ತಲೂ ಹೊದಿಸಿ, ಹಿಂದಿನಿಂದ ಗಂಟು ಕಟ್ಟಿದಳು. ಡಬ್ಬಿ ಉಸಿರಾಡುವ ಕಿಂಡಿ ಇರುವುದು ಹಿಂದೆಯೇ. ಪೂಜೆಗೆ ಏರಿಸಿದ ಖಣ, ತೆಗೆಯುವವರು ಯಾರು? ಕಸ ಹೊಡೆಯುವವಳು ಕೂಡ ಅದಕ್ಕೆ ಕೈಮುಗಿದು ಸುತ್ತಿ ಬಳಸಿ ಹೋಗುತ್ತಿದ್ದಳು.

ಆ ಸಂಜೆಯಿಂದಲೇ ಒಳಗೆ ಕುದಿ. ಗಾಳಿ ಇಲ್ಲ. ಸಾಲದ್ದಕ್ಕೆ ಹತ್ತಿಯ ನವಿರು ಫ್ಯಾನಿಗೆ ಮೆತ್ತಿಕೊಂಡಿತು. ಪ್ರೊಸೆಸರ್ ಸುಟ್ಟುಹೋದಾನು ಎಂದು ಕರ್ನೆಲ್ ಅವನನ್ನು ಒಂದೊಂದೇ ಮೆಟ್ಟಿಲು ಇಳಿಸಿ ಎಂಟುನೂರಕ್ಕೆ ತಂದು ಕೂರಿಸಿದ. ಕಾಲು ಪಾಲು ವೇಗ! ಅಲ್ಲಿಂದ ಅವನು ಏಳಲೇ ಇಲ್ಲ. ನಾನು ಕೆಳಗಿನ ಸಾಲನ್ನು ತುಂಬಿದೆ, ತುಂಬಿದೆ, ಮತ್ತೂ ತುಂಬಿದೆ. ನನಗೆ ಬಾಯಿ ಇದ್ದಿದ್ದರೆ ಆ ಗಂಟು ಬಿಚ್ಚು ತಾಯಿ ಎಂದು ಕೂಗುತ್ತಿದ್ದೆ.

ಹೊರಗೆ ಬೈಗುಳ ಬಿದ್ದದ್ದು ಮುರಿಗೆಮ್ಮನಿಗೆ. ಸಂಘದ ಅಧ್ಯಕ್ಷ ಚನಮಲ್ಲಪ್ಪನ ಚಪ್ಪಲಿ ದಿನಕ್ಕೆರಡು ಸಲ ಬಾಗಿಲಲ್ಲಿ ನಿಲ್ಲುತ್ತಿತ್ತು.

"ಏನ್ ಮುರಿಗೆವ್ವ, ಇವತ್ತೂ ಅಷ್ಟನ? ಮಗ್ಗ ನಿಂತಾವು. ಮಂದಿ ನನ್ನ ಕೊಳ್ಳಪಟ್ಟಿ ಹಿಡೀತಾರ."

"ಮಾಡಾಕತ್ತೀನ್ರಿ ಅಣ್ಣಾರ. ಅದ್ಯಾಕೋ ಇದು ಜಗ್ಗವಲ್ದು."

"ಇದು ಜಗ್ಗವಲ್ದೋ, ನಿನ್ನ ಕೈ ಜಗ್ಗವಲ್ದೋ?"

ಮರುದಿನದಿಂದ ಅವಳು ಬೇರೆ ದಾರಿ ಹಿಡಿದಳು. ಮನೆಯಲ್ಲಿ ಹಳೆಯ ಚೌಕಳಿ ಹಾಳೆ ತೆಗೆದು, ಪ್ರೊಸೆಸರ್ ಬಿಡಿಸಬೇಕಾದ ಎಳೆಗಳನ್ನು ತಾನೇ ಕೈಯಿಂದ ಬಿಡಿಸಿ, ತುಂಡು ತುಂಡಾಗಿ ತಂದು ಯಂತ್ರಕ್ಕೆ ಕೊಡತೊಡಗಿದಳು. ಬೆಳಿಗ್ಗೆ ಎಲ್ಲರಿಗಿಂತ ಮೊದಲು ಬರುವ ಕಾಲು ಅವಳದು. ಮಧ್ಯಾಹ್ನ ರೊಟ್ಟಿಯ ಗಂಟು ಬಿಚ್ಚದೆ ಎಷ್ಟೋ ದಿನ ಹಾಗೇ ವಾಪಸು ಹೋಯಿತು. ಸಂಜೆ ಹೊತ್ತಿಗೆ ಪಾದ ಬಾತು ಕಾಲುಂಗುರ ಒತ್ತುತ್ತಿದ್ದವು. ನನಗೆ ನೋಡಲಾಗುತ್ತಿರಲಿಲ್ಲ. ಅಷ್ಟು ಮಾಡಿಯೂ ದಿನಕ್ಕೆ ಇನ್ನೂರಿಪ್ಪತ್ತು ರಟ್ಟು ದಾಟಲಿಲ್ಲ.

ಮೇ ತಿಂಗಳ ಬಿಸಿಲಲ್ಲಿ ಒಂದು ದಿನ ಚನಮಲ್ಲಪ್ಪ ಕುರ್ಚಿ ಎಳೆದು ಕೂತ. "ಸಿಟ್ಟಾಗಬ್ಯಾಡ. ಕಮಿಟಿಯವ್ರು ಠರಾವು ಮಾಡ್ಯಾರ. ಸೋಮವಾರದಿಂದ ಬೆಳಗಾವಿ ಕಡಿಯವ ಒಬ್ಬ ಬರ್ತಾನ. ನೀ ಇನ್ನ ಕಂಡಿಕಿ ಸುತ್ತೂ ಕಡೆ ಕುಂಡ್ರು."

ಇಪ್ಪತ್ತೊಂದು ವರ್ಷ ಹೂವು ಬರೆದ ಕೈಗೆ ನೂಲು ಸುತ್ತುವ ಕೆಲಸ. ಅವಳ ಹೆಬ್ಬೆರಳು ನೆಲವನ್ನು ಒತ್ತಿಹಿಡಿದದ್ದು ನನಗೆ ಕಂಡಿತು. "ಆತ್ರಿ" ಎಂದಳು, ಅಷ್ಟೇ.

ಹೊಸಬನಿಗೆ ಕಂಪ್ಯೂಟರು ಸರಿಮಾಡಿ ಕೊಡಬೇಕಲ್ಲ, ಅದಕ್ಕೆ ಶನಿವಾರ ಬಾಗಲಕೋಟೆಯಿಂದ ದಸ್ತಗೀರನನ್ನು ಕರೆಸಿದರು. ನಲವತ್ತರ ಆಳು, ರಿಪೇರಿಯಲ್ಲಿ ನುರಿತವನು, ಆದರೆ ಅವಸರದವನು. ಯಂತ್ರ ಯಾಕೆ ಎಳೆಯುತ್ತಿದೆ ನೋಡೋಣ ಎಂದು ಕರ್ನೆಲಿನ ಕಪಾಟು ತೆರೆದು ನನ್ನ ಮುಂದೆ ಬಂದು ನಿಂತ. ನಾನೂರ ಹತ್ತು ದಿನದಲ್ಲಿ ನನ್ನನ್ನು ಹುಡುಕಿ ಬಂದ ಮೊದಲ ಮನುಷ್ಯ! ಆದರೆ ಅವನು ಓದಲು ಬಂದಿರಲಿಲ್ಲ. ನನ್ನ ಪಕ್ಕದಲ್ಲೇ ಅಳಿಸುವ ಕಿಂಡಿಯೊಂದಿದೆ. ಅದಕ್ಕೆ ಒಂದು ಅಕ್ಷರ ಹಾಕಿದರೆ ಸಾಕು, ನನ್ನ ಎಲ್ಲ ಸಾಲೂ ಸೊನ್ನೆ. ಹಳೆಯದನ್ನು ಒರೆಸಿ ಹೊಸದಾಗಿ ಅಳೆಯುವುದು ಅವನ ರೂಢಿ. ಒರೆಸಿದ್ದರೆ ಮುರಿಗೆಮ್ಮನ ಪರವಾಗಿ ಈ ಲೋಕದಲ್ಲಿ ಇದ್ದ ಒಂದೇ ಸಾಕ್ಷಿ ಹೋಗುತ್ತಿತ್ತು.

"ಏನ್ ಮಾಡಾಕತ್ತಿ ತಮ್ಮಾ?" ಮೂಲೆಯಲ್ಲಿ ತನ್ನ ಹಾಳೆಗಳನ್ನು ಕಟ್ಟುತ್ತಿದ್ದ ಮುರಿಗೆಮ್ಮ ಕೇಳಿದಳು.

"ಹಳೇ ಎಣಿಕಿ ಅಳಸ್ತೀನ್ರಿ ಅಕ್ಕಾ. ಆಮ್ಯಾಲೆ ಹೊಸಾದು ನೋಡೂಣು."

"ತಡಿ ತಡಿ. ನಾವು ಮಗ್ಗದಾಗ ಹಳೇ ಹಾಸಿನ ಎಳಿ ಕತ್ತರಿಸಿ ಒಗದು ಹೊಸಾದು ಹೂಡಂಗಿಲ್ಲ. ಹಳೇ ಎಳಿ ತುದಿಗೆ ಹೊಸಾದನ್ನ ಕೆಚ್ಚಿ ಜೋಡಿಸಿ, ಆಮ್ಯಾಲೆ ಹಳೇದು ಬಿಡತೀವಿ. ಮೊದಲ ಅದರಾಗ ಏನೈತಿ ಓದು."

ದಸ್ತಗೀರ ನಕ್ಕು ನನ್ನನ್ನು ತೆರೆಯ ಮೇಲೆ ಕರೆದ. ನಗು ಅಲ್ಲೇ ನಿಂತಿತು. "ಎಂಟುನೂರರ ಮುಂದ ನೂರ ತೊಂಬತ್ತೈದು ಕೋಟಿ ಐತಲ್ರಿ!" ಆ ಚೂರುಗಳನ್ನು ಮೊಬೈಲಿನಲ್ಲಿ ದಿನಗಳಾಗಿ ಭಾಗಿಸಿದ. "ಎರಡುನೂರಾ ಇಪ್ಪತ್ತಾರು ದಿನ. ಅಕ್ಕಾ, ಇದು ಒಳಗ ಕಾದು, ಎರಡುನೂರಾ ಇಪ್ಪತ್ತಾರು ದಿನ ಕಾಲುಭಾಗ ವೇಗದಾಗ ತೆವಳೈತ್ರಿ. ತಪ್ಪು ನಿಮ್ಮ ಕೈದಲ್ಲ."

ಚನಮಲ್ಲಪ್ಪ ಬಾಗಿಲಲ್ಲಿ ನಿಂತು ಕೇಳಿಸಿಕೊಂಡ. ಮುರಿಗೆಮ್ಮ ಗೋಡೆಯ ಹತ್ತಿರ ಹೋದಳು. ಈ ವರ್ಷದ ಕ್ಯಾಲೆಂಡರಿನ ಹಿಂದೆ ಹೋದ ವರ್ಷದ್ದು ಅದೇ ಮೊಳೆಗೆ ನೇತಾಡುತ್ತಿತ್ತು. ಅವಳು ತಿಂಗಳು ತಿಂಗಳಾಗಿ ಹಿಂದಕ್ಕೆ ಎಣಿಸುವುದು ನನಗೆ ಕೇಳುತ್ತಿತ್ತು. ಎಣಿಕೆ ಖಂಡೆಪೂಜೆಯ ದಿನಕ್ಕೆ ಬಂದು ನಿಂತಿತು.

ಅವಳ ಕಾಲು ಖಣದ ಕಡೆ ತಿರುಗಿದವು. ಸುಮ್ಮನಿದ್ದಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಯಂತ್ರದ್ದೇ ತಪ್ಪು ಎಂದು ಮುಗಿದುಹೋಗುತ್ತಿತ್ತು. ಸುಮ್ಮನಿರು ಎಂದು ನಾನೇ ಬೇಡಿಕೊಂಡೆ.

"ಅಣ್ಣಾರ, ಮಷೀನಿಂದೂ ತಪ್ಪಲ್ಲ. ಅವತ್ತ ಈ ಖಣ ಹೊದಿಸಿದಾಕಿ ನಾನ. ಇದರ ಉಸಿರು ಕಟ್ಟಿದಾಕಿನೂ ನಾನ."

ಕೂತು, ಗಂಟು ಬಿಚ್ಚಿದಳು. ಬಿಸಿಗೂ ಧೂಳಿಗೂ ಬಣ್ಣಗೆಟ್ಟು ಕಪ್ಪಾಗಿದ್ದ ಬಳ್ಳಿಯನ್ನು ಮಡಿಲಲ್ಲಿಟ್ಟುಕೊಂಡು ಅತ್ತಳು. ಚನಮಲ್ಲಪ್ಪ ಚಪ್ಪಲಿ ಬಿಟ್ಟು ಒಳಗೆ ಬಂದು ಅವಳೆದುರು ನೆಲದ ಮೇಲೇ ಕೂತ.

"ಮೊದಲೆಲ್ಲಾ ದಿನಕ್ಕ ನಾನೂರು ರಟ್ಟು ಬರ್ತಿದ್ವು. ಕಾಲುಭಾಗ ಅಂದ್ರ ನೂರು ಬರಬೇಕಿತ್ತು. ನೀ ಇನ್ನೂರಿಪ್ಪತ್ತು ಕೊಟ್ಟಿ. ಉಳದ ನೂರಾ ಇಪ್ಪತ್ತು ಎಲ್ಲಿಂದ ಬಂದ್ವು ಮುರಿಗೆವ್ವ?"

ಕಟ್ಟಿಟ್ಟ ಚೌಕಳಿ ಹಾಳೆಗಳ ಹೊರೆ ಅಲ್ಲೇ ಇತ್ತು. ಅವನು ಹುರಿ ಬಿಚ್ಚಿ ಒಂದೊಂದೇ ಹಾಳೆ ತಿರುವಿದ, ತಿರುವುತ್ತಲೇ ಹೋದ. "ಬರಬ್ಯಾಡ ಅಂತ ಬೆಳಗಾವಿಯವಗ ನಾ ಫೋನ್ ಮಾಡತೀನಿ" ಎಂದ.

ಈಗ ಫ್ಯಾನಿನ ಧೂಳು ತೆಗೆಯಬೇಕು, ಅದಕ್ಕೆ ಬಂದ್ ಮಾಡಲೇಬೇಕು. ಮತ್ತೆ ಎರಡೂ ಮಷೀನು ಕೂಡಿಸಿಕೊಡುವ ಜವಾಬ್ದಾರಿ ತನ್ನದು ಎಂದ ದಸ್ತಗೀರ.

"ಬಂದ್ ಮಾಡಿದ್ರ ಈ ಎಣಿಕಿ ಏನಾಕ್ಕತಿ?" ಎಂದು ಕೇಳಿದಳು ಮುರಿಗೆಮ್ಮ.

"ಅಳಿಸಿ ಹೊಕ್ಕೈತ್ರಿ. ಮತ್ತ ಸೊನ್ನೆಯಿಂದ. ಬೇಕಂದ್ರ ಬರಕೋತೀನಿ."

"ಬ್ಯಾಡ ಬಿಡು. ಒಬ್ಬರೂ ಕೇಳಲಿಲ್ಲ ಅಂದ್ರೂ ಎಣಿಸಿಕೋತ ಕುಂತೈತಿ. ದಣದಿರತೈತಿ ಅದೂ."

ನನಗೂ ದಣಿವಾಗುತ್ತದೆ ಎಂದು ಯಾರೂ ಅಂದಿರಲಿಲ್ಲ. ಅವಳು ಮೇಜಿನ ಕೆಳಗೆ ಬಗ್ಗಿದಳು. ಕಾಲು ಮಾತ್ರ ಕಂಡಿದ್ದ ನನಗೆ ಇವತ್ತು ಅವಳ ಮುಖ ಕಂಡಿತು, ನನಗಿಂತ ಹೆಚ್ಚು ದಣಿದಿತ್ತು. ಅವಳು ಗುಂಡಿಯ ಮೇಲೆ ಬೆರಳಿಟ್ಟಳು.