ಹಲ್ಲಿಲ್ಲದ ನಗೆಗೆ ಬಿದ್ದ ಸುಣ್ಣ

ನಡೆಯುತ್ತಿರುವಾಗ ಒಳ್ಳೆಯ ವಿಶೇಷಣವೊಂದು ಹೊಳೆದರೆ ಅವರು ರಸ್ತೆಯ ನಡುವೆಯೇ ನಿಂತುಬಿಡುತ್ತಿದ್ದರು. ಹಿಂದಿನ ವಾಹನಗಳು ಎಷ್ಟೇ ಅರಚಿಕೊಳ್ಳಲಿ, ಆ ಪದವನ್ನು ಕಲ್ಲುಸಕ್ಕರೆಯ ಹಾಗೆ ನಾಲಿಗೆಯ ಮೇಲೆ ಹೊರಳಿಸಿ, ಪೂರ್ತಿ ಕರಗಿದ ಮೇಲೆಯೇ ಕಾಲೆತ್ತುತ್ತಿದ್ದರು. ನಮ್ಮ ಪತ್ರಿಕೆಯಲ್ಲಿ ನಗರವಾರ್ತೆಯ ಪುಟ ಅವರದು, ಪಕ್ಕದ ಮೇಜು ನನ್ನದು. ಬೆನ್ನ ಹಿಂದೆ ನಾವೆಲ್ಲ ಅವರನ್ನು ವಿಶೇಷಣರಾಯರು ಎನ್ನುತ್ತಿದ್ದೆವು.

ಅವರ ಕಂದು ಕೋಟಿನ ಮೊಣಕೈಗಳು ಮೇಜಿಗೆ ಉಜ್ಜಿ ಉಜ್ಜಿ ಮಿರುಗುತ್ತಿದ್ದವು. ಬೆಂಕಿ ಬಿದ್ದ ಗೋದಾಮಾಗಲಿ, ಉದ್ಘಾಟನೆಯಾದ ಸೇತುವೆಯಾಗಲಿ, ಹೋಗಿ ನೋಡುವುದೆಂದರೆ ಅವರಿಗೆ ಆಗದು. "ನೋಡಿದ್ರೆ ಬರವಣಿಗೆ ಕೆಡುತ್ತಪ್ಪಾ" ಎನ್ನುತ್ತಿದ್ದರು. ಓದುಗರೂ ಅವರಿಗೆ ತಕ್ಕವರೇ: ತಮ್ಮ ಬೀದಿ ಹೇಗಿದೆಯೆಂಬುದನ್ನು ಇವರ ಅಂಕಣ ಓದಿಯೇ ತಿಳಿದುಕೊಳ್ಳುತ್ತಿದ್ದರು.

ಬಸ್ ನಿಲ್ದಾಣದ ಗೋಡೆಯ ಮೇಲೆ ಯಾರೋ ಮುದುಕಿಯೊಬ್ಬಳ ಮುಖವನ್ನು ಆಳೆತ್ತರಕ್ಕೆ ಬಿಡಿಸಿದ್ದಾರೆಂಬ ಸುದ್ದಿ ಬಂದಾಗಲೂ ಅವರು ಕದಲಲಿಲ್ಲ. ಅಂಚೆಚೀಟಿಯಷ್ಟೇ ದೊಡ್ಡದಾದ ಮಸುಕು ಫೋಟೋ ಒಂದನ್ನು ಕನ್ನಡಕ ಹಣೆಗೇರಿಸಿ ನೋಡಿ, 'ದಾರಿಹೋಕರನ್ನು ನುಂಗಲು ಬಾಯ್ದೆರೆದು ಹೊಂಚುಹಾಕಿರುವ ಕರಾಳ ರಕ್ಕಸಿ' ಎಂದು ಬರೆದರು. ಅಲ್ಲಿಯವರೆಗೆ ಆ ಮುಖದ ಕೆಳಗೇ ಹರಟೆ ಹೊಡೆಯುತ್ತ ಬಸ್ಸಿಗೆ ಕಾಯುತ್ತಿದ್ದ ಜನ ಮರುದಿನವೇ ರಸ್ತೆಯ ಆಚೆ ಬದಿಗೆ ಸರಿದರು. ಕೆಲವರಿಗೆ ಅಲ್ಲಿ ಎದೆ ಡವಗುಟ್ಟತೊಡಗಿತು. ಕೆಲವರಿಗೆ ಅವಳ ಕಣ್ಣು ಮನೆಯವರೆಗೂ ಹಿಂಬಾಲಿಸಿತು. ದೂರುಗಳು ಹೆಚ್ಚಿ, ಗೋಡೆಗೆ ಸುಣ್ಣ ಬಳಿಯಬೇಕೆಂದು ನಗರಸಭೆಯ ಆಜ್ಞೆ ಹೊರಟಾಗ ವಿಶೇಷಣರಾಯರು ಹಿಗ್ಗಿ ಹೀರೇಕಾಯಿಯಾದರು.

ಸುಣ್ಣ ಬಳಿಯುವ ದಿನ ಬೆಳಿಗ್ಗೆ ಅವರ ತಂಗಿಯ ಮಗಳು, ಅಂಗಡಿಗಳ ಬೋರ್ಡು ಬರೆಯುವವಳು, ಕಚೇರಿಗೆ ನುಗ್ಗಿದಳು.

"ಮಾವಾ, ನೀನಾಗೇ ನೋಡ್ತೀಯ ಅಂತ ಸುಮ್ನಿದ್ದೆ. ಒಂದ್ಸಲಾನೂ ಹೋಗ್ಲಿಲ್ವಾ? ಅದು ಅಜ್ಜಿ. ನಗ್ತಿದಾಳೆ. ನಾನೇ ಬಿಡಿಸಿದ್ದು."

ಹಿಂದಿನ ವರ್ಷ ತೀರಿಕೊಂಡಿದ್ದ ಅವರ ತಾಯಿ, ಹಲ್ಲು ಬಿದ್ದ ಮೇಲೆ ಯಾವ ಫೋಟೋದಲ್ಲೂ ತುಟಿ ಬಿಚ್ಚಿದವರಲ್ಲ. ಆ ಬೊಚ್ಚುಬಾಯಿಯ ನಗು ಜಗತ್ತಿನಲ್ಲಿ ಉಳಿದಿದ್ದುದು ಆ ಗೋಡೆಯ ಮೇಲೆ ಮಾತ್ರ. ವಿಶೇಷಣರಾಯರು ಚಪ್ಪಲಿ ಮರೆತು ಓಡಿದರು; ನಾನೂ ಅವಳೂ ಹಿಂದೆಯೇ ಓಡಿದೆವು. ಸುಣ್ಣ ಆಗಲೇ ಹಣೆಯವರೆಗೆ ಇಳಿದಿತ್ತು.

"ನಿಲ್ಸಯ್ಯಾ! ಅವಳು ನಗ್ತಿರೋದು ಕಾಣಲ್ವಾ?"

ಏಣಿಯ ಮೇಲಿದ್ದ ಸುಣ್ಣದವನು ಕನಿಕರದಿಂದ ನೋಡಿದ. "ನಮಗೂ ಮೊದ್ಲು ಹಾಗೇ ಕಾಣ್ತಿತ್ತು ಸಾರ್. ಪೇಪರ್‌ನಲ್ಲಿ ಬಂದ್ಮೇಲೇ ರಾಕ್ಷಸಿ ಅಂತ ಗೊತ್ತಾಗಿದ್ದು."

"ಅದನ್ನ ಬರೆದವನು ಮುಠ್ಠಾಳ!"

"ಹಾಗೆಲ್ಲ ಅನ್ಬೇಡಿ. ಅವರು ತುಂಬಾ ತಿಳಿದೋರು."

"ನಾನೇ ಕಣಯ್ಯಾ ಅವನು! ಇವಳು ನಮ್ಮಮ್ಮ!"

ಸುಣ್ಣದವನು ಬರಿಗಾಲಿನ ಈ ಮನುಷ್ಯನನ್ನು ಅಡಿಯಿಂದ ಮುಡಿಯವರೆಗೆ ಅಳೆದ. "ಪೇಪರ್‌ನಲ್ಲಿ ಬರ್ಲಿ ಸಾರ್, ನಂಬೋಣ" ಎಂದು ಕುಂಚ ಅದ್ದಿದ.

ಮಧ್ಯಾಹ್ನದ ಹೊತ್ತಿಗೆ ಗೋಡೆ ಬೆಳ್ಳಗಾಯಿತು. ಅವರು ಮೇಜಿಗೆ ಮರಳಿ ಅಳುತ್ತಲೇ ತಾಯಿಯ ನಗುವಿನ ಬಗ್ಗೆ ಬರೆದರು. ಅಂಥ ಬರಹವನ್ನು ನಾನು ಮತ್ತೆ ಓದಿಲ್ಲ. ಮರುದಿನ ಗೋಡೆಯೆದುರು ಜನಜಾತ್ರೆ. "ಏನ್ ನಗೂರೀ ಅದು!" ಎಂದು ಒಬ್ಬಾಕೆ ಬಿಳಿ ಗೋಡೆ ನೋಡಿ ಕಣ್ಣೊರೆಸಿಕೊಂಡಳು. "ಹಲ್ಲಿಲ್ದಿದ್ರೇನು, ಎಷ್ಟು ಚೆಂದ!" ಎಂದ ಇನ್ನೊಬ್ಬ.

ವಿಶೇಷಣರಾಯರು ಗುಂಪಿನ ಹಿಂದೆ ತಂಗಿಯ ಮಗಳ ಪಕ್ಕದಲ್ಲಿ ತುದಿಗಾಲಲ್ಲಿ ನಿಂತಿದ್ದರು. "ನಿಂಗೇನಾದ್ರೂ ಕಾಣುತ್ತಾ ಮಗಳೇ?"

"ಸುಣ್ಣ, ಮಾವ."

ಮಾತಿನ ಮೋಡಿಗಾರರ ಪಾಡೇ ಇಷ್ಟು. ಅವರು ಇದೆ ಎಂದದ್ದು ಊರಿಗೆಲ್ಲ ಕಾಣುತ್ತದೆ, ಇಲ್ಲ ಎಂದದ್ದು ಮಾಯವಾಗುತ್ತದೆ. ಅವರ ಬರಹ ಓದಿಯೂ ಏನೂ ಕಾಣದವರಲ್ಲಿ ಮೊದಲಿಗರು, ಅದನ್ನು ಬರೆದವರೇ.