ಚೆನ್ನರಾಯಪ್ಪನವರನ್ನು ಸುತ್ತುವ ರ‍್ಯಾಂಪ್

ನನ್ನ ಮಗಳು ಹರಿತಾ ಐದನೇ ತರಗತಿಯಿಂದ ಆರಕ್ಕೆ ಹೋಗುವುದು ಇಷ್ಟು ದೊಡ್ಡ ಕಾಮಗಾರಿಯಾಗುತ್ತದೆಂದು ನಾನು ಅಂದುಕೊಂಡಿರಲಿಲ್ಲ.

ನಮ್ಮೂರು ಮುದ್ದೇನಹಳ್ಳಿ ದಾಟಿ ಒಳಗೆ ಹೋದರೆ ಸಿಗುತ್ತದೆ. ಸರ್ಕಾರಿ ಶಾಲೆಗೆ ಎರಡು ಕಟ್ಟಡ. ಒಂದರಿಂದ ಐದು ಹಳೇ ಕಟ್ಟಡದಲ್ಲಿ. ಅದು ಎಷ್ಟು ತಗ್ಗಿನಲ್ಲಿದೆಯೆಂದರೆ ಜೋರು ಮಳೆ ಬಂದ ದಿನ ಮಕ್ಕಳಿಗಿಂತ ಮೊದಲು ನೀರು ಒಳಗೆ ಕೂತಿರುತ್ತದೆ. ಹುಟ್ಟಿನಿಂದ ಕಾಲಿನಲ್ಲಿ ಬಲವಿಲ್ಲದ ಹರಿತಾಗೆ ಆ ತಗ್ಗು ವರವಾಗಿತ್ತು. ವೀಲ್‌ಚೇರನ್ನು ತಾನೇ ತಳ್ಳಿಕೊಂಡು ಸೀದಾ ಒಳಗೆ ನುಗ್ಗುತ್ತಿದ್ದಳು. ಆರನೇ ತರಗತಿ ಹೊಸ ಕಟ್ಟಡದಲ್ಲಿದೆ. ಹಳೆಯದರ ಪಾಡು ನೋಡಿ ಹೆದರಿದವರು ಹೊಸದರ ಜಗಲಿಯನ್ನು ಸೊಂಟದೆತ್ತರಕ್ಕೆ ಏರಿಸಿ ಮೆಟ್ಟಿಲು ಕಟ್ಟಿಬಿಟ್ಟಿದ್ದರು.

ಶನಿವಾರದ ಕಂಪ್ಯೂಟರ್ ಕ್ಲಾಸೂ ಅಲ್ಲೇ. ನಾನು ಬೆಳಗಿನ ಜಾವ ಊರಿನ ಸೇವಂತಿಗೆಯನ್ನು ಲಗೇಜ್ ಆಟೋದಲ್ಲಿ ಚಿಕ್ಕಬಳ್ಳಾಪುರದ ಮಾರ್ಕೆಟ್ಟಿಗೆ ಸಾಗಿಸಿ ವಾಪಸ್ ಬಂದು, ಮುಖ ತೊಳೆಯುವ ಮೊದಲೇ ಅವಳನ್ನು ಎತ್ತಿಕೊಂಡು ಆ ಮೆಟ್ಟಿಲು ಹತ್ತಿಸುತ್ತಿದ್ದೆ. ಎತ್ತಿದ ದಿನ ಪೂರ್ತಿ ಅವಳು ನನ್ನ ಜೊತೆ ಮಾತಾಡುತ್ತಿರಲಿಲ್ಲ.

"ನಿಂಗೆ ಗೊತ್ತಾಗಲ್ಲಪ್ಪ. ನಾನು ಟೊಮೇಟೊ ಕ್ರೇಟಾ?" ಎಂದು ಒಮ್ಮೆ ಕೇಳಿದ್ದಳು.

ಮಾರ್ಚ್ ತಿಂಗಳಲ್ಲಿ ಹೆಡ್‌ಮೇಡಂ ರಾಧಾಮಣಿಯವರು ನನ್ನನ್ನು ಕರೆಸಿದರು. ಪಕ್ಕದಲ್ಲಿ ಸುನೀಲ್‌ಕುಮಾರ್ ಮೇಷ್ಟ್ರು ಕೂತಿದ್ದರು. ಇವರು ತಾಲ್ಲೂಕಿಗೆಲ್ಲ ವಿಶೇಷ ಮಕ್ಕಳ ಮೇಷ್ಟ್ರು. ಊರೂರು ಸುತ್ತಿ, ಯಾವ ಮಗುವಿಗೆ ಕನ್ನಡಕ ಬೇಕು, ಯಾವುದಕ್ಕೆ ಕಿವಿಯ ಮೆಷೀನು ಬೇಕು ಎಂದು ನೋಡಿಕೊಳ್ಳುವವರು. ಬೈಕಿನ ಮೇಲೇ ಅರ್ಧ ಆಯುಷ್ಯ ಕಳೆದಿದ್ದರಿಂದ ಕುರ್ಚಿಯಲ್ಲಿ ಕೂತಾಗಲೂ ಅವರ ಕೈ ಹ್ಯಾಂಡಲ್ ಹಿಡಿದಂತೆಯೇ ಇರುತ್ತಿತ್ತು.

"ಒಳ್ಳೇ ಸುದ್ದಿ ಕನಕರಾಜ್," ಎಂದರು ಮೇಡಂ. "ಹರಿತಾಗೆ ಮನೆ ಪಾಠ ಮಾಡ್ಕೊಡ್ತಾರಂತೆ. ವಾರಕ್ಕೊಂದು ಸಲ ಮನೆಗೇ ಬರ್ತಾರೆ. ಇಸ್ಕೂಲಿಗೆ ಬರೋ ಕಷ್ಟಾನೇ ಇಲ್ಲ."

"ಮೇಡಂ, ಅದು ಹಾಸಿಗೆ ಬಿಟ್ಟು ಏಳಕ್ಕಾಗದ ಮಕ್ಕಳಿಗೆ," ಎಂದರು ಸುನೀಲ್‌ಕುಮಾರ್. "ಈ ಹುಡುಗಿಗೆ ಬೇಕಾಗಿರೋದು ರ‍್ಯಾಂಪ್. ಅದಕ್ಕೆ ದುಡ್ಡೂ ಬಂದಿದೆ. ಈ ತಿಂಗಳು ಕೆಲಸ ಶುರುವಾಗ್ದಿದ್ರೆ ವಾಪಸ್ ಹೋಗುತ್ತೆ. ಆಮೇಲೆ ಮನೆ ಪಾಠಾನೇ ಗತಿ."

ಸಂಜೆ ಮನೆಯಲ್ಲಿ ಹರಿತಾಗೆ ಹೇಳಿದೆ. ಅವಳು, "ಮೇಷ್ಟ್ರು ಮನೆಗೆ ಬರ್ತಾರೆ ಸರಿ. ನನ್ನ ಬೆಂಚಿನೋರೂ ಬರ್ತಾರಾ?" ಎಂದಳು. ನಾನು ಟೀ ಕುಡಿಯಲು ಶುರುಮಾಡಿದೆ.

ದುಡ್ಡಿತ್ತು, ಮೇಸ್ತ್ರಿ ಇದ್ದ, ಮರಳೂ ಬಂತು. ಇಲ್ಲದ್ದು ಜಾಗ. ಹೊಸ ಕಟ್ಟಡದ ಒಂದು ಪಕ್ಕ ನೀರಿನ ತೊಟ್ಟಿ, ಇನ್ನೊಂದು ಪಕ್ಕ ಅಡುಗೆ ಮನೆ. ಎದುರಿಗೆ, ಜಗಲಿಯಿಂದ ನಾಲ್ಕು ಮಾರು ದೂರಕ್ಕೆ ಧ್ವಜಕಟ್ಟೆ. ಊರಿನ ಜಮೀನ್ದಾರರಾದ ಆವಲಪ್ಪನವರು ತಮ್ಮ ತಂದೆ ದಿವಂಗತ ಚೆನ್ನರಾಯಪ್ಪನವರ ನೆನಪಿಗೆ ಕಟ್ಟಿಸಿದ ಗ್ರಾನೈಟಿನ ಕಟ್ಟೆ. ಅದರ ಮೇಲೆ ಚೆನ್ನರಾಯಪ್ಪನವರ ಹೆಸರು ಎಷ್ಟು ದಪ್ಪವಾಗಿದೆಯೆಂದರೆ ಹೊಸಬರು ಅದನ್ನು ಶಾಲೆಯ ಹೆಸರೆಂದೇ ಓದುತ್ತಾರೆ.

"ಒಂದಡಿ ಎತ್ತರಕ್ಕೆ ಹನ್ನೆರಡಡಿ ಉದ್ದ ಬೇಕು ಮೇಡಂ. ಕಟ್ಟೆ ಜರುಗಿಸದೆ ಆಗಲ್ಲ," ಎಂದರು ಸುನೀಲ್‌ಕುಮಾರ್.

"ನೀವು ಬೇಕಾದ್ರೆ ಬಿಲ್ಡಿಂಗೇ ಜರುಗಿಸಿ. ಕಟ್ಟೆ ಮಾತ್ರ ಮುಟ್ಬೇಡಿ," ಎಂದರು ಮೇಡಂ. "ಇರೋ ಜಾಗದಲ್ಲೇ ಗಿಡ್ಡಕ್ಕೆ ಹಾಕ್ಸಿ. ಸ್ವಲ್ಪ ಕಡಿದಾಗುತ್ತೆ. ಹಿಂದಿನಿಂದ ಯಾರಾದ್ರೂ ತಳ್ತಾರೆ."

ಗಿಡ್ಡ ರ‍್ಯಾಂಪ್ ಯಾಕೆ ಆಗದೆಂದು ತೋರಿಸಲು ಸುನೀಲ್‌ಕುಮಾರ್ ಸೆಂಟ್ರಿಂಗ್ ಹಲಗೆಗಳನ್ನು ಜಗಲಿಗೆ ಒರಗಿಸಿ, ಹರಿತಾಳ ವೀಲ್‌ಚೇರಿನಲ್ಲಿ ತಾವೇ ಕೂತರು. ನಾನು ಹಿಂದಿನಿಂದ ತಳ್ಳಿದೆ. ಮುಕ್ಕಾಲು ದಾರಿ ಹೋದೆವು. ಅಲ್ಲಿ ನನ್ನ ಚಪ್ಪಲಿ ಜಾರಿತು. ನಾನು ಪಕ್ಕಕ್ಕೆ ಬಿದ್ದೆ. ಮೇಷ್ಟ್ರು ಹಿಂದುಹಿಂದಕ್ಕೆ, ಎರಡು ಕೈಯಲ್ಲೂ ಇಲ್ಲದ ಬ್ರೇಕನ್ನು ಅದುಮುತ್ತ, ಇಡೀ ಶಾಲೆ ನೋಡುತ್ತಿರುವಾಗ ಸರ್ರನೆ ಹೋಗಿ ಚೆನ್ನರಾಯಪ್ಪನವರಿಗೆ ಗುದ್ದಿದರು. ಕಟ್ಟೆಯ ಮೂಲೆಯಲ್ಲಿ ಕೆತ್ತಿದ್ದ ತಾವರೆಯ ಒಂದು ಎಸಳು ಹಾರಿಹೋಯಿತು.

"ನೋಡಿದ್ರಾ ಮೇಡಂ," ಎಂದರು ಸುನೀಲ್‌ಕುಮಾರ್ ಕೂತಲ್ಲಿಂದಲೇ. "ಕಡಿದಾದ್ರೆ ಹಿಂಗಾಗುತ್ತೆ."

ಮೇಡಂ ರ‍್ಯಾಂಪ್ ನೋಡುತ್ತಿರಲಿಲ್ಲ, ಎಸಳು ನೋಡುತ್ತಿದ್ದರು.

ಸಂಜೆ ನಾನೂ ಸುನೀಲ್‌ಕುಮಾರ್ ಮೇಷ್ಟ್ರೂ ಆವಲಪ್ಪನವರ ಮನೆಗೆ ಹೋದೆವು. ನಾನೂ ಬರ್ತೀನಿ ಎಂದು ಹಟ ಹಿಡಿದು ಹರಿತಾ ಆಟೋದಲ್ಲಿ ಕೂತಳು. ಆವಲಪ್ಪನವರು ಅಂಗಳದ ಮಂಚದಲ್ಲಿ ಕೂತು ಎಸಳನ್ನು ಅಂಗೈಯಲ್ಲಿಟ್ಟುಕೊಂಡಿದ್ದರು. ಸುದ್ದಿಗಿಂತ ಮೊದಲೇ ಯಾರೋ ಅದನ್ನು ತಲುಪಿಸಿದ್ದರು.

"ಏನಯ್ಯಾ ಕನಕರಾಜ, ನಮ್ಮಪ್ಪ ನಿನಗೇನು ಮಾಡಿದ್ದ?"

"ತಪ್ಪಾಯ್ತು ಯಜಮಾನ್ರೆ."

"ಈಗ ಕಟ್ಟೇನೇ ಕಿತ್ತು ಮೂಲೆಗೆ ಹಾಕ್ತೀರಂತೆ. ತೊಟ್ಟಿ ಪಕ್ಕ ಹಾಕ್ತೀರೋ, ಕಕ್ಕಸಿನ ಪಕ್ಕ ಹಾಕ್ತೀರೋ?"

ಸುನೀಲ್‌ಕುಮಾರ್ ನಿಯಮ ಹೇಳಲು ಬಾಯಿ ತೆರೆದರು. ಹೇಳಿದ್ದರೆ ಕತೆ ಅಲ್ಲೇ ಮುಗಿಯುತ್ತಿತ್ತು. ನಿದ್ದೆಗೆಟ್ಟ ತಲೆಯಲ್ಲಿ ಹೊಳೆದದ್ದನ್ನು ನಾನು ಆಡಿಬಿಟ್ಟೆ.

"ಕೀಳೋದು ಯಾಕೆ ಯಜಮಾನ್ರೆ? ರ‍್ಯಾಂಪನ್ನ ಕಟ್ಟೆಯ ಸುತ್ತ ಬಳಸಿ ಹಾಕ್ಸಣ. ಜಗಲಿ ಮೇಲಿಂದ ನೋಡಿದ್ರೆ ಎಡಗಡೆಯಿಂದ ಹೊರಟು, ಕಟ್ಟೆಯ ಮುಂದೆ ತಿರುಗಿ, ಬಲಗಡೆಯಿಂದ ಜಗಲಿಗೆ. ದಿನಾ ಮಕ್ಕಳು ದೊಡ್ಡ ಯಜಮಾನ್ರಿಗೆ ಪ್ರದಕ್ಷಿಣೆ ಹಾಕಿ ಒಳಗೆ ಹೋದಂಗಾಗುತ್ತೆ."

ಆವಲಪ್ಪನವರು ಎಸಳನ್ನು ಮಂಚದ ಮೇಲಿಟ್ಟು ಬೆರಳಿನಿಂದ ಅದರ ಸುತ್ತ ಒಂದು ಗೆರೆ ಎಳೆದರು. ಎಡದಿಂದ ಹೊರಟು, ತಿರುಗಿ, ಬಲದಿಂದ. ಮುಖ ಅರಳುತ್ತಾ ಬಂತು. ಸುನೀಲ್‌ಕುಮಾರ್ ಮನಸ್ಸಿನಲ್ಲೇ ಅಡಿ ಲೆಕ್ಕ ಹಾಕಿ, "ಉದ್ದ ಸಾಲುತ್ತೆ, ಇನ್ನೂ ಮೆತ್ತಗೇ ಆಗುತ್ತೆ," ಎಂದು ನನ್ನ ಕಿವಿಯಲ್ಲಿ ಹೇಳಿದರು.

ಆವಲಪ್ಪನವರ ಬೆರಳು ಜಗಲಿ ಮುಟ್ಟಿ, ಅಲ್ಲಿಂದ ವಾಪಸ್ ಹೊರಟು, ಅರ್ಧ ದಾರಿಯಲ್ಲಿ ನಿಂತಿತು.

"ಇಸ್ಕೂಲು ಬಿಟ್ಟಾಗ?"

"ಇಳೀತಾರೆ," ಎಂದೆ.

"ಅದೇ ದಾರೀಲಿ. ಅಂದ್ರೆ ಅಪ್ರದಕ್ಷಿಣೆ. ಬೆಳಗ್ಗೆ ಸುತ್ತಿದ್ದನ್ನ ಸಾಯಂಕಾಲ ಬಿಚ್ಚಿಕೊಂಡು ಹೋದಂಗೆ. ನಮ್ಮಪ್ಪನಿಗೆ ಏನು ಉಳೀತು?"

ಇದಕ್ಕೆ ನಿಯಮದಲ್ಲೂ ಉತ್ತರವಿರಲಿಲ್ಲ. ಇಳಿಯುವುದಕ್ಕೆ ಬೇರೆ ರ‍್ಯಾಂಪ್ ಹಾಕಿಸಲು ದುಡ್ಡಿಲ್ಲ ಎಂದರು ಸುನೀಲ್‌ಕುಮಾರ್. ಹಿಂದುಹಿಂದಕ್ಕೆ ಇಳಿದರೆ ನಡೆಯುತ್ತದೆಯೇ ಎಂದೆ ನಾನು. ಆವಲಪ್ಪನವರು ಅದನ್ನೂ ಬೆರಳಿನಲ್ಲಿ ನಡೆಸಿ ನೋಡಿ, "ಮುಖ ಯಾವ ಕಡೆ ಇದ್ರೇನಯ್ಯಾ, ಸುತ್ತು ಉಲ್ಟಾನೇ," ಎಂದರು. ಶಾಲೆಯಿಂದ ಯಾರೂ ಇಳಿಯದಂತೆ ಏನಾದರೂ ಮಾಡಬಹುದೇ ಎನ್ನುವಷ್ಟು ದೂರ ಮಾತು ಹೋಯಿತು.

ಒಳಗಿನಿಂದ ಕಾಫಿ ತಂದ ಅವರ ಹೆಂಡತಿ ಶ್ಯಾಮಲಮ್ಮನವರು ಲೋಟ ಕೊಡದೆ ತಟ್ಟೆ ಹಿಡಿದು ನಿಂತೇ ಇದ್ದರು. ಚಿಂತಾಮಣಿ ಕಡೆಯವರು. ಕೋಪ ಬಂದರೆ ಮಾತು ತೆಲುಗಿಗೆ ವಾಲುತ್ತದೆ.

"ಬಾಗುಂದಿ, ಬಲು ಚೆನ್ನಾಗಿದೆ ನಿಮ್ಮ ಲೆಕ್ಕ. ಮಾವ ಇದ್ದಾಗ ಅವರ ಮಾತಿಗೆ ಎಷ್ಟು ಸುತ್ತು ಹಾಕಿದ್ರಿ ನೀವು?"

"ನೀನು ಸುಮ್ನಿರೇ."

"ಯಾಕೆ ಸುಮ್ನಿರ್ಲಿ? ಲಕ್ವ ಹೊಡೆದು ಮಲಗಿದ್ದಾಗ ದಿನಾ ನಾಲ್ಕು ಜನ ಮಂಚದ ಸಮೇತ ಎತ್ತಿ ಬಿಸಿಲಿಗೆ ತರ್ತಿದ್ರಲ್ಲ. ಮಾವ ಏನಂತಿದ್ರು?"

ಆವಲಪ್ಪನವರು ಕೆಮ್ಮಿದರು.

"ಹೇಳ್ರೀ, ಮೇಷ್ಟ್ರಿಗೂ ಗೊತ್ತಾಗ್ಲಿ."

"ಬಯ್ಯೋನು," ಎಂದರು ಆವಲಪ್ಪನವರು. "ಎತ್ತಿದೋರನ್ನೆಲ್ಲ ಬಯ್ಯೋನು. ಅದನ್ನ ಮಕ್ಕಳ ಮುಂದೆ ಹೇಳಕ್ಕಾಗಲ್ಲ."

"ನಾನೂ ಬಯ್ತೀನಿ ತಾತ," ಎಂದಳು ಹರಿತಾ ಆಟೋದಿಂದ. "ಅಪ್ಪಂಗೆ ಕೇಳಿಸದಂಗೆ."

ಅವಳು ಬಯ್ಯುವ ವಿಷಯ ನನಗೆ ಆಗಲೇ ಗೊತ್ತಾದದ್ದು.

ಆವಲಪ್ಪನವರು ಅವಳ ಕಡೆ ತಿರುಗಿದರು. ಏನೇನು ಬಯ್ಯುತ್ತಾಳೆಂದು ಕೇಳಬೇಕೆನ್ನಿಸಿತೋ ಏನೋ, ಕೇಳಲಿಲ್ಲ. ಕಾಫಿ ತೆಗೆದುಕೊಂಡು ಕುಡಿದು ಲೋಟ ಕೆಳಗಿಟ್ಟರು.

"ಹಾಕ್ಸಿ," ಎಂದರು. "ಹತ್ತೋದು ಬೆಳಗ್ಗೆ ನಾನು ನೋಡ್ತೀನಿ. ಇಳಿಯೋ ಹೊತ್ತಿಗೆ ನಾನು ಆ ಕಡೆ ಮುಖ ಹಾಕಲ್ಲ. ನೋಡ್ದಿದ್ರೆ ಆಯ್ತು."

ಸುನೀಲ್‌ಕುಮಾರ್ ಈ ಒಪ್ಪಂದವನ್ನು ವರದಿಯಲ್ಲಿ ಹೇಗೆ ಬರೆಯುವುದೆಂದು ದಾರಿಯುದ್ದಕ್ಕೂ ಯೋಚಿಸಿದರು. ಕೊನೆಗೆ 'ಸಮುದಾಯದ ಸಹಕಾರ' ಎಂದು ಬರೆದರಂತೆ.

ಮೇಸ್ತ್ರಿ ಮಾರ್ಚಿನಲ್ಲಿ ಬುನಾದಿ ತೆಗೆದು, ರಜೆಯಲ್ಲಿ ಕೆಲಸ ಮುಗಿಸಿದ. ಬೇಸಿಗೆ ಕಳೆದು ಶಾಲೆ ಶುರುವಾದ ದಿನ ನಾನು ಮಾರ್ಕೆಟ್ಟಿನಿಂದ ಬೇಗ ಬಂದು ಹರಿತಾಳ ಜೊತೆ ಹೋದೆ. ಆವಲಪ್ಪನವರು ಬಿಳಿ ಪಂಚೆಯಲ್ಲಿ ಬಂದು ಕುರ್ಚಿ ಹಾಕಿಸಿಕೊಂಡು ಕೂತಿದ್ದರು.

ನಾವು ಎಣಿಸದಿದ್ದ ಒಂದು ಸಂಗತಿ ನಡೆದಿತ್ತು. ಶಾಲೆಯ ಒಂದು ಮಗುವೂ ಮೆಟ್ಟಿಲು ಹತ್ತುತ್ತಿರಲಿಲ್ಲ. ಅಷ್ಟೂ ಮಕ್ಕಳು ರ‍್ಯಾಂಪಿನ ಮೇಲೆ. ಕೆಲವರು ಹತ್ತುತ್ತಿದ್ದರು, ಕೆಲವರು ಹತ್ತಿ, ಇಳಿದು, ಮತ್ತೆ ಹತ್ತುತ್ತಿದ್ದರು. ಇಳಿಯುವವರು ಕಂಡಾಗ ಆವಲಪ್ಪನವರು ಕಣ್ಣು ಮುಚ್ಚುತ್ತಿದ್ದರು, ಹತ್ತುವವರಿಗಾಗಿ ತೆರೆಯುತ್ತಿದ್ದರು.

ಹರಿತಾ ಗಾಲಿ ತಿರುಗಿಸಿ ಆ ಗುಂಪಿನೊಳಗೆ ಸೇರಿಕೊಂಡಳು. ಮೊದಲ ತಿರುವಿನಲ್ಲಿ ಗುಂಪು ನಿಂತಿತು. ಮುಂದೆ ಯಾರೋ ಚಪ್ಪಲಿ ಹುಡುಕುತ್ತಿದ್ದರು. ಗಂಟೆ ಹೊಡೆಯಿತು. ನನ್ನ ಎರಡೂ ಕೈ ನನ್ನನ್ನು ಕೇಳದೆ ಅವಳ ಕಂಕುಳ ಕಡೆ ಹೋದವು.

"ಕೈ ತೆಗಿ ಅಪ್ಪ."

"ಲೇಟಾಯ್ತು ಕಣಮ್ಮ. ಇದೊಂದು ಸಲ."

"ಆಗ್ಲಿ ಬಿಡು," ಎಂದು ಹೇಳಿ, ಮುಂದಿದ್ದವನ ಬ್ಯಾಗಿಗೆ ಗುದ್ದಿ, "ಏಯ್, ನಡಿಯೋ, ಏನ್ ಮೆರವಣಿಗೆನಾ ಇದು," ಎಂದಳು.

ಅವಳು ಮೇಲೆ ತಲುಪುವ ಹೊತ್ತಿಗೆ ಪ್ರಾರ್ಥನೆ ಮುಗಿದು, ರಾಧಾಮಣಿ ಮೇಡಂ ಬಾಗಿಲಲ್ಲಿ ಕೈಕಟ್ಟಿ ನಿಂತಿದ್ದರು.

"ಮೊದಲನೇ ದಿನಾನೇ ಲೇಟು. ಎಲ್ಲರೂ ಹೊರಗೆ, ಗೋಡೆ ಪಕ್ಕ."

ತಡವಾಗಿ ಬಂದವರು ಗೋಡೆಗುಂಟ ಸಾಲಾಗಿ ನಿಂತರು. ಮೇಡಂ ಹರಿತಾಳನ್ನು ಕಂಡು, "ನೀನು ಬಾಮ್ಮ ಒಳಗೆ, ಪರವಾಗಿಲ್ಲ," ಎಂದರು.

"ನಾನೂ ಲೇಟೇ ಮೇಡಂ," ಎಂದಳು ಹರಿತಾ.

ಮೇಡಂ ಒಂದು ಕ್ಷಣ ನನ್ನ ಮುಖ ನೋಡಿದರು, ಆಮೇಲೆ ಅವಳ ಮುಖ. "ಹಂಗಾದ್ರೆ ಕೊನೇಲಿ ಸೇರ್ಕೊ," ಎಂದು ಒಳಗೆ ಹೋದರು. ಹರಿತಾ ಕುರ್ಚಿ ತಿರುಗಿಸಿ ಗೋಡೆಗೆ ಒರಗಿಸಿ, ಪಕ್ಕದವಳ ಕಿವಿಯಲ್ಲಿ ಏನೋ ಹೇಳಿದಳು. ಇಬ್ಬರೂ ಬಾಯಿ ಮುಚ್ಚಿಕೊಂಡು ನಗುತ್ತಿದ್ದರು. ನಾನಿನ್ನೂ ಕೆಳಗೇ ನಿಂತಿರುವುದನ್ನು ಕಂಡು, ಹೋಗು ಹೋಗು ಎಂದು ಕೈ ಮಾಡಿದಳು.