ಎದುರಿನಿಂದ ಕಂಡ ಕೈ

ಆಫೀಸಿನಲ್ಲಿ ಅವನನ್ನು ಎಲ್ಲರೂ ಮೂಲೆಯಣ್ಣ ಅನ್ನುತ್ತಿದ್ದರು. ಕೂರುವುದು ಮೂಲೆಯಲ್ಲಿ, ಊಟ ಮಾಡುವುದು ಮೂಲೆಯಲ್ಲಿ, ಯಾರಾದರೂ ಮಾತಾಡಿಸಿದರೆ ಇನ್ನಷ್ಟು ಮೂಲೆಗೆ ಸರಿಯುವುದು, ಹೆಸರಿಟ್ಟವರದೇನೂ ತಪ್ಪಿಲ್ಲ. ಕೆಲಸದಲ್ಲಿ ಮಾತ್ರ ಆಸಾಮಿ ಗಟ್ಟಿ. ಯಂತ್ರದ ಬಿಡಿಭಾಗಗಳ ನಕ್ಷೆಯನ್ನು ಕಂಪ್ಯೂಟರಿನಲ್ಲಿ ಬಿಡಿಸುವುದು ಅವನ ಕಸುಬು. ಒಂದು ಭಾಗವನ್ನು ಮುಂದಿನಿಂದ, ಮೇಲಿನಿಂದ, ಪಕ್ಕದಿಂದ ಹೇಗೆ ತಿರುಗಿಸಿ ತೋರಿಸಿದರೆ ಕೆಳಗಡೆ ವರ್ಕ್‌ಶಾಪಿನವರು ತಲೆ ಕೆರೆದುಕೊಳ್ಳದೆ ಕೆಲಸ ಶುರು ಮಾಡುತ್ತಾರೆ ಅನ್ನುವುದು ಅವನಿಗೆ ನೀರು ಕುಡಿದಷ್ಟು ಸಲೀಸು. ಇಪ್ಪತ್ತೆಂಟು ವರ್ಷದಲ್ಲಿ ಅವನ ಒಂದು ನಕ್ಷೆಯೂ ತಪ್ಪೆಂದು ವಾಪಸು ಬಂದಿರಲಿಲ್ಲ.

ಮನೆ ಅಂದರೆ ಒಂದು ಕೋಣೆ. ಒಂದು ತಟ್ಟೆ, ಒಂದು ಲೋಟ, ಒಂದು ಕುರ್ಚಿ. ಇನ್ನೊಂದು ಕುರ್ಚಿ ತರೋಣ ಅಂತ ಎರಡು ಸಲ ಹೊರಟಿದ್ದ, ಯಾರು ಬಂದು ಕೂರಬೇಕು ಅಂತ ಅರ್ಧ ದಾರಿಯಿಂದ ತಿರುಗಿ ಬಂದಿದ್ದ. ಭಾನುವಾರ ಬಂತೆಂದರೆ ಅವನಿಗೆ ಸಂಕಟ. ಶನಿವಾರ ಸಂಜೆ ಅಂಗಡಿಯವನ ಜೊತೆ ಸೋಪಿನ ವಿಷಯಕ್ಕೆ ಆಡಿದ ನಾಲ್ಕು ಮಾತೇ ಸೋಮವಾರದವರೆಗೆ ಸಾಕಾಗಬೇಕಿತ್ತು.

ತನ್ನವರು ಅಂತ ಇದ್ದದ್ದು ಅಕ್ಕ ಒಬ್ಬಳೇ. ಬಸ್ಸಿನಲ್ಲಿ ಮೂರು ಗಂಟೆ ದಾರಿ. ಹೊಲಿಗೆ ಅವಳ ಕೆಲಸ. ತಾಯಿ ಹೋದ ಮೇಲೆ ಹೊಲಿದೂ ಹೊಲಿದೂ ಇವನನ್ನು ಓದಿಸಿದವಳೇ ಅವಳು. ಎರಡು ವರ್ಷದ ಹಿಂದೆ ಲಕ್ವ ಹೊಡೆದು ಅವಳ ಬಲಗೈ ಬಿದ್ದುಹೋಯಿತು. ಆಸ್ಪತ್ರೆಗೆ ಓಡಿಬಂದ ತಮ್ಮ ಇಪ್ಪತ್ತು ನಿಮಿಷ ನಿಂತ, ಕೆಲಸ ಇದೆ ಅಂದ, ಮುಂದಿನ ಬಸ್ಸಿಗೇ ಹೊರಟ. ಅದೇನು ತಲೆ ಹೋಗುವ ಕೆಲಸವೋ, ಕೇಳಿದರೆ ಅವನಿಗೇ ಗೊತ್ತಿಲ್ಲ. ಅಕ್ಕನ ಸೊಟ್ಟಗಾದ ಬಾಯಿ ನೋಡಿ ಜೀವ ಹಾರಿಹೋಗಿತ್ತು, ಅಷ್ಟೇ. ಅವಳಿಗೆ ಮಾತು ತಿರುಗಿ ಬಂತು, ಆದರೆ ಇವನ ಜೊತೆ ಆಡಲಿಲ್ಲ. ಫೋನ್ ಮಾಡಿದರೆ ಅವಳ ಮಗಳು ಎತ್ತಿ, "ಅಮ್ಮ ಮಲಗಿದಾಳೆ ಮಾವ" ಅನ್ನುವಳು. ಬೆಳಿಗ್ಗೆ ಹನ್ನೊಂದಕ್ಕೂ ಮಲಗಿದಾಳೆ, ಸಂಜೆ ಐದಕ್ಕೂ ಮಲಗಿದಾಳೆ.

ಒಂದು ದಿನ ಆ ಹುಡುಗಿಯೇ ಬಾಯಿಬಿಟ್ಟಳು. "ಅಮ್ಮಂಗೆ ಮತ್ತೆ ಹೊಲಿಯೋ ಹುಚ್ಚು ಹತ್ತಿದೆ ಮಾವ. ಎಡಗೈಲಿ ಬಟ್ಟೆ ತಳ್ತಾಳೆ, ಬಲಗೈ ಮೇಜಿಂದ ಜಾರಿ ಜಾರಿ ಬೀಳುತ್ತೆ. ಆಮೇಲೆ ಕೂತ್ಕೊಂಡು ಅಳ್ತಾಳೆ."

ಮೂಲೆಯಣ್ಣನಿಗೆ ಆ ವಾರವೆಲ್ಲ ಬೇರೆ ಧ್ಯಾನವಿರಲಿಲ್ಲ. ಮಾತಿನಲ್ಲಿ ಕ್ಷಮೆ ಕೇಳುವುದು ಅವನ ಕೈಲಾಗುವ ಕೆಲಸವಲ್ಲ, ಇದು ಕೈಲಾಗುವ ಕೆಲಸ. ಹುಡುಗಿಯಿಂದ ಅಳತೆ ತರಿಸಿಕೊಂಡು ಮುಂಗೈಗೊಂದು ಆಸರೆ ಬಿಡಿಸಿದ. ಮೇಜಿನ ಅಂಚಿಗೆ ತಿರುಪಿನಿಂದ ಬಿಗಿಯುವ ಅಲ್ಯೂಮಿನಿಯಂ ಹಲಗೆ. ಕೈ ಜಾರದಂತೆ ಹೊರಬದಿಗೆ ಒಂದು ಗೋಡೆ, ಒಳಬದಿಗೆ ಹೆಬ್ಬೆರಳಿಗೆ ಜಾಗ. ಬಲಗೈಗೆ ಮಾಡಿದ್ದು ಎಡಗೈಗೆ ಆಗದು. ವರ್ಕ್‌ಶಾಪಿನ ಮೇಸ್ತ್ರಿ ಊಟದ ಬಿಡುವಿನಲ್ಲಿ ಕೂತು ಚೊಕ್ಕವಾಗಿ ಮಾಡಿಕೊಟ್ಟ, ಅಂಚುಗಳನ್ನು ಚುಚ್ಚದ ಹಾಗೆ ಉಜ್ಜಿಕೊಟ್ಟ. ಮೂಲೆಯಣ್ಣ ಅದನ್ನು ಬಟ್ಟೆಯಲ್ಲಿ ಸುತ್ತಿ ಕೊರಿಯರ್‌ಗೆ ಹಾಕಿ, ನಾಲ್ಕು ದಿನ ಫೋನ್ ಕಡೆಗೇ ಕಣ್ಣಿಟ್ಟು ಕೂತ.

ಐದನೇ ದಿನ ಫೋನ್ ಬಂತು. ಎರಡು ವರ್ಷದ ಮೇಲೆ ಅಕ್ಕನ ದನಿ.

"ಎಡಗೈಗೆ ಮಾಡಿ ಕಳಿಸಿದೀಯಲ್ಲೋ," ಅಂದಳು. "ಅಕ್ಕನಿಗೆ ಯಾವ ಕೈ ಹೋಗಿದೆ ಅಂತ ನೆನಪಿಟ್ಕೊಳ್ಳೋಷ್ಟೂ ನಾನು ಬೇಡವಾದ್ನಾ ನಿನಗೆ?"

ಇವನು ಬಾಯಿ ತೆರೆಯುವುದರೊಳಗೆ ಫೋನ್ ಕಟ್ಟಾಯಿತು. ಮತ್ತೆ ಮಾಡಿದರೆ ಯಾರೂ ಎತ್ತಲಿಲ್ಲ.

ಪಿತ್ತ ನೆತ್ತಿಗೇರಿತು. ನಕ್ಷೆ ಹಿಡಿದು ದಡದಡನೆ ವರ್ಕ್‌ಶಾಪಿಗೆ ಇಳಿದ. ಬಲಬದಿಯ ನೋಟವನ್ನು ಹಾಳೆಯ ಬಲಕ್ಕೇ ಇಡುವುದು ಒಂದು ಪದ್ಧತಿ, ಎಡಕ್ಕೆ ಇಡುವುದು ಇನ್ನೊಂದು. ಯಾವುದೆಂದು ಹಾಳೆಯ ಕೆಳಗೆ ಗುರುತಿರುತ್ತದೆ. ಅದನ್ನು ನೋಡದೆ ಓದಿದರೆ ಎಡದ್ದು ಬಲವಾಗಿ, ಬಲದ್ದು ಎಡವಾಗಿ ಕೂರುತ್ತದೆ. "ಗುರುತು ನೋಡಿದ್ರಾ ಮೇಸ್ತ್ರಿ? ನನ್ನ ಮಾನ ಕಳೆದ್ರಿ ನೀವು."

ಮೇಸ್ತ್ರಿ ಕನ್ನಡಕ ಏರಿಸಿ, ಹಾಳೆಯ ಮೇಲೆ ಬೆರಳಿಟ್ಟು ನಿಧಾನವಾಗಿ ಓದಿದ. "ಗುರುತೂ ಸರಿ ಇದೆ ಅಣ್ಣ, ನಾನೂ ಸರಿ ಇದೀನಿ. ನೀವು ಕೊಟ್ಟಿರೋದೇ ಎಡಗೈದು. ಮೇಲೆ ಹೋಗಿ ನಿಮ್ಮ ಕಂಪ್ಯೂಟರ್‌ನೇ ಕೇಳಿ."

ಕೇಳಿದ. ತೆರೆಯ ಮೇಲೆ ಆಸರೆಯನ್ನು ಹಿಂದೆ ಮುಂದೆ ತಿರುಗಿಸಿ ನೋಡಿದ. ಮೇಜಿಗೆ ಬಿಗಿಯುವ ತಿರುಪನ್ನು ಹೊಲಿಯಲು ಕೂತವಳ ಕಡೆಯಿಂದ ನೋಡಿ ಇಟ್ಟಿದ್ದ. ಗೋಡೆಯನ್ನು ಮಾತ್ರ ಅವಳ ಎದುರಿಗೆ ನಿಂತು ನೋಡಿ ಇಟ್ಟಿದ್ದ, ತನ್ನ ಎಡಕ್ಕೆ. ಒಂದೇ ವಸ್ತುವನ್ನು ಎರಡು ಕಡೆ ನಿಂತು ಬಿಡಿಸಿದ್ದ. ಹೊಸಬರು ಮಾಡಿದ್ದರೆ ಇವನೇ ನಕ್ಕು ಮಾನ ಹರಾಜು ಹಾಕುತ್ತಿದ್ದ.

ಎದುರಿಗೆ ಯಾವಾಗ ನಿಂತಿದ್ದೆ ಅಂತ ಬಹಳ ಯೋಚಿಸಬೇಕಾಗಲಿಲ್ಲ. ಆಸ್ಪತ್ರೆಯ ಮಂಚದ ಕಾಲ ಬಳಿ. ಕಬ್ಬಿಣದ ಸರಳು ಹಿಡಿದು ಇಪ್ಪತ್ತು ನಿಮಿಷವೂ ಅಲ್ಲೇ ನಿಂತಿದ್ದ. ಸತ್ತ ಕೈ ಅವನ ಎಡಕ್ಕೆ ಬಿದ್ದಿತ್ತು. ಅಲ್ಲಿಂದ ಅವಳ ಪಕ್ಕಕ್ಕೆ ನಾಲ್ಕು ಹೆಜ್ಜೆ, ಅದನ್ನು ಅವನು ಇಟ್ಟಿರಲಿಲ್ಲ. ಅಕ್ಕನ ಕೈ ಅವನಿಗೆ ಮರೆತಿರಲಿಲ್ಲ. ಕನಸಿನಲ್ಲೂ ಕಾಣುತ್ತಿತ್ತು, ಎದುರಿನಿಂದ. ತೆರೆಯ ಮುಂದೆ ಕೂತಲ್ಲೇ ಅತ್ತುಬಿಟ್ಟ. ಮೂಲೆಯಾದ್ದರಿಂದ ಯಾರೂ ನೋಡಲಿಲ್ಲ.

ತಿದ್ದಿದ ನಕ್ಷೆ ನೋಡಿ ಮೇಸ್ತ್ರಿ ಬಲಗೈಗೆ ಇನ್ನೊಂದು ಮಾಡಿಕೊಟ್ಟ. ಈ ಸಲ ಕೊರಿಯರ್ ಬೇಡವೆಂದು ಭಾನುವಾರದ ಬಸ್ಸು ಹತ್ತಿದ. ದಾರಿಯುದ್ದಕ್ಕೂ ಪದ್ಧತಿ, ಗುರುತು, ನೋಟ ಅಂತ ಏನೇನೋ ಸಮಜಾಯಿಷಿ ಜೋಡಿಸಿದ. ಬಸ್ಸಿಳಿದಾಗ ಅದರಲ್ಲಿ ಒಂದೂ ಬಾಯಿಗೆ ಬರುವ ಹಾಗಿರಲಿಲ್ಲ.

ಅಕ್ಕ ಹೊಲಿಗೆ ಮೇಜಿನ ಮುಂದೆ ಕೂತಿದ್ದಳು. ಬಾ ಅನ್ನಲಿಲ್ಲ, ಕೂತ್ಕೋ ಅನ್ನಲಿಲ್ಲ. ಅವನು ಬಾಗಿಲಲ್ಲೇ ನಿಂತ.

"ಅಕ್ಕ, ಕೈ ಮರೆತಿರ್ಲಿಲ್ಲ," ಅಂದ. "ಆವತ್ತು ನಾನು ನಿನ್ನ ಕಾಲ ಹತ್ರಾನೇ ನಿಂತ್ಬಿಟ್ಟೆ. ಅಲ್ಲಿಂದ ಕಂಡ ಹಾಗೇ ಬಿಡಿಸಿದೀನಿ. ಪಕ್ಕಕ್ಕೆ ಬರಕ್ಕೆ ಭಯ ಆಯ್ತು ನನಗೆ."

ಅಕ್ಕ ಎಡಗೈಯಿಂದ ಬಟ್ಟೆಯನ್ನು ಪಕ್ಕಕ್ಕೆ ಸರಿಸಿದಳು.

"ನಾನು ಕರೀತಾನೇ ಇದ್ದೆ ಕಣೋ," ಅಂದಳು. "ಇಲ್ಲಿ ಬಾ, ಇಲ್ಲಿ ಬಾ ಅಂತ. ಇಪ್ಪತ್ತು ನಿಮಿಷಾನೂ ಕರೆದೆ. ಬಾಯಿಂದ ಒಂದಕ್ಷರ ಹೊರಡ್ಲಿಲ್ಲ."